ಕೈ ಕೆಸರಾದರೆ ಸಾಲದು, ಲೆಕ್ಕವೂ ಬೇಕು!

ಸೋದರಿಯರೇ, ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರೇ. ಆದರೆ ನಿಮ್ಮ ಓಣಿಯಲ್ಲೇ ಒಮ್ಮೆ ಕಣ್ಣಾಡಿಸಿ ನೋಡಿ. ನಸುಕಿನಲ್ಲೆದ್ದು ಒಲೆ ಹಚ್ಚಿ, ನೂರು ರೊಟ್ಟಿ ಬಡಿದು ಮಾರುವಾಕೆ ಇದ್ದಾಳೆ. ಬಿಸಿಲು ಕಂಡೊಡನೆ ಹಪ್ಪಳ, ಸಂಡಿಗೆ, ಶಾವಿಗೆ ಎಂದು ಮಾಳಿಗೆ ಏರುವಾಕೆ ಇದ್ದಾಳೆ. ಮನೆ ಮಂದಿಯೆಲ್ಲ ಮಲಗಿದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುವಾಕೆಯೂ ಇದ್ದಾಳೆ. ಇವರ ಕೈ ಕೆಸರಾಗಿಲ್ಲವೇ? ಆದರೂ ವರುಷ ತುಂಬಿದಾಗ “ಏನ್ ಉಳೀತವಾ?” ಎಂದು ಕೇಳಿ ನೋಡಿ. “ಏನ್ ಉಳೀತೈತ್ರಿ ಅಕ್ಕಾ, ಹಿಟ್ಟಿಂದು ಹಿಟ್ಟಿಗೆ ಹೋತು, ಒಲಿದು ಒಲಿಗೆ ಹೋತು” ಎಂಬ ಉತ್ತರ ಬರುತ್ತದೆ.

ದುಡಿಮೆಯಲ್ಲಿ ಕೊರತೆಯಿಲ್ಲ, ಕೈರುಚಿಯಲ್ಲಿ ಕೊರತೆಯಿಲ್ಲ. ಹಾಗಾದರೆ ಮೊಸರು ಎಲ್ಲಿ ಹೋಯಿತು? ಇಂದು ನಾವು ಮಾತಾಡಬೇಕಾದದ್ದು ಇದನ್ನೇ.

ಡಂಬಳದ ರೊಟ್ಟಿ

ಗದಗಿನಿಂದ ಮುಂಡರಗಿಯ ದಾರಿ ಹಿಡಿದರೆ ಸಿಗುವ ಡಂಬಳವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಕಟ್ಟಿದ ದೊಡ್ಡಬಸಪ್ಪನ ಗುಡಿ ಇರುವುದು ಇಲ್ಲೇ. ಇಲ್ಲಿಯ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯ ಹೆಸರನ್ನು ಕೇಳದವರು ನಮ್ಮ ಭಾಗದಲ್ಲಿ ಕಡಿಮೆ. ಜಾತಿ ಭೇದವಿಲ್ಲದೆ ಎಲ್ಲರೂ ಸಾಲಾಗಿ ಕುಳಿತು ಜೋಳದ ರೊಟ್ಟಿ, ಭಜ್ಜಿ, ಕರಿಂಡಿ ಉಣ್ಣುವ ಜಾತ್ರೆ ಅದು. ಅಷ್ಟು ರೊಟ್ಟಿ ಆಕಾಶದಿಂದ ಉದುರುವುದಿಲ್ಲವಲ್ಲ! ನಮ್ಮ ಹೆಣ್ಣುಮಕ್ಕಳ ಅಂಗೈಯಿಂದಲೇ ಬರಬೇಕು.

ವ್ಯಾಪಾರವೂ ಈ ಊರಿಗೆ ಹೊಸದಲ್ಲ. ಹಿಂದೆ ಧರ್ಮವೊಳಲು ಎಂದು ಕರೆಸಿಕೊಳ್ಳುತ್ತಿದ್ದ ಡಂಬಳದಲ್ಲಿ ಹದಿನಾರು ಜನ ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಒಂಬತ್ತು ನೂರು ವರುಷಗಳ ಹಿಂದೆಯೇ ಇಲ್ಲಿಯ ವರ್ತಕರು ಕೂಡಿ ಹಣ ಹಾಕಿ, ಕೂಡಿ ಕೆಲಸ ಮಾಡುವುದನ್ನು ಬಲ್ಲವರಾಗಿದ್ದರು ಎಂದಾಯಿತು.

ಇಂಥ ನೆಲದಲ್ಲಿ ರೊಟ್ಟಿ ಮಾರಿ ಬದುಕುವಾಕೆ ಯಾಕೆ ನಷ್ಟದಲ್ಲಿರಬೇಕು?

ದೊಡ್ಡ ಹೆಸರು, ಮನೆಯ ಮಾತು

ದೊಡ್ಡ ದೊಡ್ಡ ಕಂಪನಿಗಳಲ್ಲಿ ‘ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್’ ಎಂದು ಒಂದು ವಿದ್ಯೆ ಇದೆ. ಹೆಸರು ಕೇಳಿ ಹೆದರಬೇಡಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಮುಂದಾಲೋಚನೆಯ ವ್ಯವಹಾರ. ಏನು ಮಾರಬೇಕು, ಯಾರಿಗೆ ಮಾರಬೇಕು, ಯಾವ ದರಕ್ಕೆ, ಯಾವ ಕಾಲದಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಏನನ್ನು ಮಾಡಲೇಬಾರದು ಎಂದು ಮೊದಲೇ ಯೋಚಿಸಿ ತೀರ್ಮಾನಿಸಿ, ಆ ತೀರ್ಮಾನಕ್ಕೆ ತಕ್ಕಂತೆ ನಡೆದು, ಆಗಾಗ ಹಿಂತಿರುಗಿ ನೋಡುವುದು. ಅಷ್ಟೇ.

ಗೃಹಿಣಿಗೆ ಇದು ಗೊತ್ತಿಲ್ಲದ್ದೇ? ಸುಗ್ಗಿಯಲ್ಲಿ ವರುಷದ ಜೋಳ ತುಂಬಿಸುತ್ತೀರಿ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ ಖಾರ ಕುಟ್ಟಿಸುತ್ತೀರಿ. ಮಳೆಗಾಲ ಬರುವ ಮೊದಲೇ ಹಪ್ಪಳ ಡಬ್ಬಿ ಸೇರಿರುತ್ತದೆ. ಮಗಳ ಮದುವೆಗೆ ಹತ್ತು ವರುಷ ಮೊದಲೇ ಒಂದೊಂದು ಪಾತ್ರೆ ಕೂಡಿಸುತ್ತೀರಿ. ಮನೆ ನಡೆಸುವಾಗ ಇಷ್ಟು ಮುಂದಾಲೋಚನೆ ಮಾಡುವ ನಾವು, ಅದೇ ಮನೆಯಲ್ಲಿ ಒಂದು ಉದ್ಯೋಗ ಹೂಡಿದಾಗ ಮಾತ್ರ ‘ನೋಡೂಣು, ಹೆಂಗ ಆಕ್ಕೈತಿ’ ಎಂದು ಬಿಟ್ಟುಬಿಡುತ್ತೇವೆ. ತಪ್ಪುವುದು ಇಲ್ಲಿಯೇ.

ಎಂಬತ್ತು ರೂಪಾಯಿಯ ಪಾಠ

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಗೃಹಿಣಿಯರು ಮಾಳಿಗೆಯ ಮೇಲೆ ಕೂಡಿ ಹಪ್ಪಳ ಲಟ್ಟಿಸಿದರು. ಬಂಡವಾಳ ಸಾಲ ತಂದ ಎಂಬತ್ತು ರೂಪಾಯಿ. ಮೊದಲ ದಿನ ಆದದ್ದು ನಾಲ್ಕೇ ಪಾಕೀಟು. ಅದೇ ಮುಂದೆ ಲಿಜ್ಜತ್ ಹಪ್ಪಳವಾಯಿತು. ಇಂದು ಸುಮಾರು 45 ಸಾವಿರ ಸೋದರಿಯರಿಗೆ ಅದು ಕೆಲಸ ಕೊಟ್ಟಿದೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಇದನ್ನು ಕೇಳಿ ‘ಅವರ ನಸೀಬು’ ಎನ್ನಬೇಡಿ. ಮೊದಲ ದಿನಗಳಲ್ಲಿ ಅವರು ಮಾಡಿದ ತೀರ್ಮಾನಗಳನ್ನು ನೋಡಿ.

ಮೊದಮೊದಲು ಅವರು ಎರಡು ತರಹದ ಹಪ್ಪಳ ಮಾಡುತ್ತಿದ್ದರು: ಒಂದು ಒಳ್ಳೆಯದು, ಇನ್ನೊಂದು ತುಸು ಕಳಪೆ, ಅಗ್ಗಕ್ಕೆ ಮಾರಲು. ಅವರಿಗೆ ಸಾಲ ಕೊಟ್ಟಿದ್ದ ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರು, “ಒಂದೇ ಮಾಡಿ, ಉತ್ತಮವಾದದ್ದನ್ನೇ ಮಾಡಿ, ಲೆಕ್ಕ ಸರಿಯಾಗಿ ಇಡಿ” ಎಂಬ ಸಲಹೆ ಕೊಟ್ಟರು. ಕಳಪೆ ಹಪ್ಪಳ ನಿಂತಿತು. ನಷ್ಟವಾದರೂ ಯಾರಿಂದಲೂ ದಾನ ಪಡೆಯುವುದಿಲ್ಲ ಎಂದು ಅವರೇ ನಿರ್ಧರಿಸಿದರು. ಮೊದಲ ವರುಷ ಮಳೆ ಹಿಡಿದು, ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತುಹೋಯಿತು. ಮರುವರುಷ ಅದೇ ಮಳೆಗೆ ಅವರು ಸೋಲಲಿಲ್ಲ. ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಮಳೆ ಸುರಿಯುತ್ತಿದ್ದರೂ ಹಪ್ಪಳ ಒಣಗಿತು!

ಏನು ಮಾಡಬಾರದು ಎಂಬ ತೀರ್ಮಾನ, ಲೆಕ್ಕದ ಶಿಸ್ತು, ಹೋದ ವರುಷದ ಪೆಟ್ಟಿನಿಂದ ಈ ವರುಷಕ್ಕೆ ಉಪಾಯ. ಈ ಮೂರೂ ಇಲ್ಲದಿದ್ದರೆ ಆ ಎಂಬತ್ತು ರೂಪಾಯಿ ಮಳೆಗಾಲದಲ್ಲೇ ಕರಗಿ ಹೋಗುತ್ತಿತ್ತು.

ನಿಮ್ಮ ಕೈಗೆ ಬೆಲೆ ಕಟ್ಟಿ

ಈಗ ನಮ್ಮ ರೊಟ್ಟಿಗೇ ಬರೋಣ. ಡಂಬಳದಲ್ಲಿ ಒಬ್ಬಾಕೆ ದಿನಕ್ಕೆ ನೂರು ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ ಎಂದಿಟ್ಟುಕೊಳ್ಳಿ. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಮಾಡಿ ನೋಡಿ.

ಆರು ಕಿಲೋ ಜೋಳಕ್ಕೆ 270 ರೂಪಾಯಿ. ಗಿರಣಿಗೆ 30. ಗ್ಯಾಸು ಅಥವಾ ಸೌದೆಗೆ 80. ಪಾಕೀಟಿನ ಚೀಲಕ್ಕೆ 30. ಪೆಟ್ಟಿಗೆ, ಸಾಗಣೆಗೆ 30. ಒಟ್ಟು 440 ರೂಪಾಯಿ. ನೂರರಲ್ಲಿ ಆರು ರೊಟ್ಟಿ ಮುರಿದವು. ಉಳಿದ 94 ರೊಟ್ಟಿಯನ್ನು ಆರು ರೂಪಾಯಿಯಂತೆ ಮಾರಿದರೆ ಬಂದದ್ದು 564. ಉಳಿದದ್ದು 124 ರೂಪಾಯಿ.

ಆಕೆಯ ಮನಸ್ಸಿನಲ್ಲಿರುವ ಲೆಕ್ಕವೇ ಬೇರೆ: “270ರ ಜೋಳ ತಂದೆ, 600ಕ್ಕೆ ಮಾರಿದೆ, 330 ಲಾಭ!” ಆ ಭರವಸೆಯ ಮೇಲೆ ಮಗನ ಶಾಲೆಯ ಫೀ ಕಟ್ಟುತ್ತೇನೆ ಎಂದು ಮಾತು ಕೊಟ್ಟಿರುತ್ತಾಳೆ. ತಿಂಗಳ ಕೊನೆಗೆ ಹಣ ಸಾಲದೆ ಹೋದಾಗ ಯಾರದೋ ಕಣ್ಣು ಬಿತ್ತು ಎನ್ನುತ್ತಾಳೆ. ಕಣ್ಣು ಬಿದ್ದಿಲ್ಲವ್ವಾ, ಲೆಕ್ಕ ಬಿದ್ದಿಲ್ಲ!

ಇನ್ನೊಂದು ಮಾತು. ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ, ಕಟ್ಟುವುದಕ್ಕೆ ಐದು ತಾಸು ಹಿಡಿಯಿತು ಎನ್ನಿ. 124 ರೂಪಾಯಿಯನ್ನು ಐದರಿಂದ ಭಾಗಿಸಿದರೆ ತಾಸಿಗೆ 25 ರೂಪಾಯಿಯೂ ಇಲ್ಲ. ಅದೇ ರೊಟ್ಟಿಗೆ ಎಂಟು ರೂಪಾಯಿ ಸಿಕ್ಕರೆ? ಬರುವುದು 752, ಉಳಿಯುವುದು 312. ತಾಸಿಗೆ 62 ರೂಪಾಯಿ. ರೊಟ್ಟಿ ಅದೇ, ಕೈ ಅದೇ, ಒಲೆ ಅದೇ. ಎರಡು ರೂಪಾಯಿಯ ಒಂದು ತೀರ್ಮಾನದಿಂದ ಉಳಿತಾಯ ಎರಡೂವರೆ ಪಟ್ಟು.

“ಎಂಟು ರೂಪಾಯಿ ಕೊಡೋರು ಯಾರವಾ?” ಎಂದು ನೀವು ಕೇಳುವುದು ಸರಿಯೇ. ಆದ್ದರಿಂದಲೇ ಎರಡನೆಯ ಪ್ರಶ್ನೆ ಬರುತ್ತದೆ.

ನಿಮ್ಮ ಗಿರಾಕಿ ಯಾರು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಪೋರ್ಟರ್ ಎಂಬ ಪ್ರಾಧ್ಯಾಪಕರು 1980ರಲ್ಲಿ ಬರೆದ ಒಂದು ಪುಸ್ತಕ ಈ ವಿದ್ಯೆಯಲ್ಲಿ ಬಹಳ ಹೆಸರಾಯಿತು. ಅವರ ಮಾತಿನ ಸಾರ ಇಷ್ಟು: ಪೈಪೋಟಿಯಲ್ಲಿ ಗೆಲ್ಲಲು ದಾರಿಗಳು ಮೂರು. ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡುವುದು ಒಂದು. ಬೇರೆಯವರಲ್ಲಿ ಇಲ್ಲದ್ದನ್ನು ಕೊಡುವುದು ಇನ್ನೊಂದು. ಒಂದು ಚಿಕ್ಕ ಗುಂಪಿನ ಗಿರಾಕಿಗಳನ್ನೇ ಹಿಡಿದು ಅವರಿಗೆ ಬೇಕಾದದ್ದನ್ನು ಚೆನ್ನಾಗಿ ಮಾಡಿಕೊಡುವುದು ಮೂರನೆಯದು. ಯಾವುದನ್ನೂ ಆರಿಸಿಕೊಳ್ಳದೆ ನಡುವೆ ನಿಂತವರು ಕೆಡುತ್ತಾರೆ.

ಮೊದಲ ದಾರಿ ನಮಗೆ ಕಷ್ಟ. ಈಗ ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಅಗ್ಗದಲ್ಲಿ ಯಂತ್ರದ ಜೊತೆ ಜಿದ್ದಿಗೆ ಬಿದ್ದರೆ ಸೋಲುವುದು ನಮ್ಮ ರಟ್ಟೆ. ಆದರೆ ಎರಡನೆಯದೂ ಮೂರನೆಯದೂ ನಮ್ಮ ಕೈಯಲ್ಲೇ ಇವೆ. ಹಾಳೆಯಂತೆ ತೆಳ್ಳಗೆ ಬಡಿದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಯ ಸಣ್ಣ ಪೊಟ್ಟಣ. ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಮಗ ಊರಿಗೆ ಬಂದಾಗ ತಾಯಿ ಐವತ್ತು ರೊಟ್ಟಿ ಕಟ್ಟಿ ಕಳಿಸುತ್ತಾಳೆ. ಆ ತಾಯಿಗೆ ಕೈಲಾಗದಿದ್ದಾಗ ನಿಮ್ಮ ಹೆಸರು ನೆನಪಾಗಬೇಕು. ಗದಗಿನ ಖಾನಾವಳಿಗೆ ಬೇಕಾದದ್ದು ದಿನ ತಪ್ಪದೆ ಬರುವ ರೊಟ್ಟಿ. ದರ ಅಲ್ಲಿ ಕಡಿಮೆ, ಆದರೆ ವ್ಯಾಪಾರ ಖಾತ್ರಿ. ಮದುವೆ ಮನೆಗೆ ಬೇಕಾದದ್ದು ಹೇಳಿದ ದಿನಕ್ಕೆ ಐನೂರು. ಮೂವರ ಹಸಿವೂ ಬೇರೆ, ಮೂವರ ದರವೂ ಬೇರೆ. ಮೂವರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಬ್ಬರನ್ನು ಆರಿಸಿ, ಆರು ತಿಂಗಳು ಪ್ರಯತ್ನಿಸಿ.

ಗದಗು, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಪೇಟೆಗಳಿಗೆ ಒಮ್ಮೆ ನೀವೇ ಹೋಗಿ ಬನ್ನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ತಪ್ಪಿದೆ. ಅಂಗಡಿಯಲ್ಲಿ ಯಾರ ರೊಟ್ಟಿ ಇದೆ, ಎಷ್ಟಕ್ಕೆ ಮಾರುತ್ತಿದೆ, ಗಿರಾಕಿ ಯಾವುದನ್ನು ಮುಟ್ಟಿ ಬಿಟ್ಟ ಎಂದು ಕಣ್ಣಾರೆ ನೋಡಿ. ದೊಡ್ಡ ಕಂಪನಿಗಳು ಇದಕ್ಕೆ ಲಕ್ಷಗಟ್ಟಲೆ ಸುರಿಯುತ್ತವೆ. ನಿಮಗೆ ಅರ್ಧ ದಿನ ಸಾಕು. ಹೆಸರು ಹಾಕಿ ಪಾಕೀಟು ಮಾರುವುದಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಉದ್ರಿ ಎಂಬ ಗೆದ್ದಲು

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಆರು ರೂಪಾಯಿಯ ದರದಲ್ಲಿ ದಿನಕ್ಕೆ ಉಳಿದದ್ದು 124. ಓಣಿಯ ನಾಲ್ಕು ಮನೆಯವರು “ಶನಿವಾರ ಕೊಡ್ತೀನಿ, ಬರಕೊಳ್ಳವಾ” ಎಂದು ಐದೈದು ರೊಟ್ಟಿ ಒಯ್ದು, ಶನಿವಾರ ಮರೆತರೆ ಹೋದದ್ದು 120 ರೂಪಾಯಿ. ಆ ದಿನ ಐದು ತಾಸಿನ ದುಡಿಮೆಗೆ ಆಕೆಗೆ ಉಳಿದದ್ದು ನಾಲ್ಕು ರೂಪಾಯಿ!

ನೆರೆಹೊರೆಯವರಿಗೆ ಇಲ್ಲವೆನ್ನುವುದು ಹೇಗೆ ಎಂಬ ಸಂಕೋಚ ಎಲ್ಲರಿಗೂ ಇದೆ. ಅತ್ತಿಗೆ ನಾದಿನಿ ಕೇಳಿದರಂತೂ ಮುಗಿಯಿತು. ಒಂದು ಉಪಾಯ ಮಾಡಿ. ಉದ್ರಿಗೆ ತಿಂಗಳಿಗೆ ಇಷ್ಟೇ ರೊಟ್ಟಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಅದು ಮುಗಿದ ಮೇಲೆ, “ಇವತ್ತಿಂದು ಎಲ್ಲಾ ಆರ್ಡರಿಂದು ಐತ್ರಿ ಅಕ್ಕಾ, ನಾಳೆ ರೊಕ್ಕಾ ಕೊಟ್ಟು ಹೇಳ್ರಿ, ಬಿಸೀದು ಮಾಡಿಕೊಡ್ತೀನಿ” ಎನ್ನಿ. ಮದುವೆ, ಜಾತ್ರೆಯ ಕೆಲಸಕ್ಕೆ ಜೋಳದ ಹಣವನ್ನಾದರೂ ಮುಂಗಡ ತೆಗೆದುಕೊಳ್ಳಿ. ನಗುತ್ತ ಹೇಳಿದ ‘ಇಲ್ಲ’ ನಂಟಸ್ತನ ಕೆಡಿಸುವುದಿಲ್ಲ. ಬಾಕಿ ನಿಂತ ಹಣ ಕೆಡಿಸುತ್ತದೆ.

ಗಾಳಿ ಬಂದಾಗ ತೂರಿಕೋ

ರಾಶಿ ಮಾಡುವ ರೈತನಿಗೆ ಗಾಳಿಯ ದಿನ ಗೊತ್ತು. ನಿಮ್ಮ ವ್ಯಾಪಾರದ ಗಾಳಿ ಯಾವಾಗ ಬೀಸುತ್ತದೆ? ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜಾತ್ರೆ, ಎಳ್ಳಮಾವಾಸ್ಯೆ, ಸಂಕ್ರಾಂತಿ, ಮದುವೆಯ ತಿಂಗಳುಗಳು ಕೈತುಂಬ ಕೆಲಸದ ಕಾಲ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತದೆ, ಒಣಗಿಸಲು ಬಿಸಿಲಿಲ್ಲ. ಆಗ ಚಟ್ನಿಪುಡಿ ಮಾಡುತ್ತೀರೋ, ದಿನದ ಬಿಸಿರೊಟ್ಟಿ ಮಾರುತ್ತೀರೋ, ಗಾಳಿಯಾಡದ ಡಬ್ಬಿಗೆ ಹಣ ಹಾಕುತ್ತೀರೋ, ಅದನ್ನು ಬೇಸಿಗೆಯಲ್ಲೇ ತೀರ್ಮಾನಿಸಿ. ಜೋಳ ಸುಗ್ಗಿಯಲ್ಲಿ ಸಾಮಾನ್ಯವಾಗಿ ಅಗ್ಗ. ಆಗ ಮೂರು ತಿಂಗಳಿಗಾಗುವಷ್ಟಾದರೂ ಕೊಂಡಿಟ್ಟವಳಿಗೆ ಮುಂದೆ ದರ ಏರಿದಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಎರಡು ಡಬ್ಬಿ

ದೊಡ್ಡ ಕಿರ್ದಿ ಪುಸ್ತಕ ಬೇಡ. ಎರಡು ಡಬ್ಬಿ ಇಡಿ. ಒಂದು ರೊಟ್ಟಿಯ ಹಣಕ್ಕೆ, ಇನ್ನೊಂದು ಮನೆಯ ಹಣಕ್ಕೆ. ವಾರಕ್ಕೊಮ್ಮೆ ನಿಮ್ಮ ಸಂಬಳವೆಂದು ಮೊದಲ ಡಬ್ಬಿಯಿಂದ ಎಣಿಸಿ ಎರಡನೆಯದಕ್ಕೆ ಹಾಕಿ. ನಡುವೆ ಹಾಲಿನವನಿಗೆ, ಕಾಯಿಪಲ್ಯಕ್ಕೆ ರೊಟ್ಟಿ ಡಬ್ಬಿಗೆ ಕೈ ಹಾಕಬೇಡಿ.

ಇದು ಅಜ್ಜಿಯ ಉಪದೇಶ ಮಾತ್ರವಲ್ಲ. ಡೊಮಿನಿಕನ್ ರಿಪಬ್ಲಿಕ್ ಎಂಬ ದೂರದ ದೇಶದಲ್ಲಿ ಸಣ್ಣ ವ್ಯಾಪಾರಿಗಳಿಗೆ ಎರಡು ಬಗೆಯ ತರಬೇತಿ ಕೊಟ್ಟು ನೋಡಿದರು. ಕೆಲವರಿಗೆ ಪುಸ್ತಕದ ಲೆಕ್ಕಶಾಸ್ತ್ರ, ಕೆಲವರಿಗೆ ಮನೆಯ ಹಣ, ವ್ಯಾಪಾರದ ಹಣ ಬೇರೆ ಬೇರೆ ಇಡುವಂಥ ಸರಳ ನಿಯಮಗಳು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಲಾಭ ಕಂಡದ್ದು ಸರಳ ನಿಯಮ ಕಲಿತವರು!

ಸಾಲ ಮಾಡುವ ಮೊದಲು

‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ವ್ಯಾಪಾರಕ್ಕೆಂದು ತಂದ ಸಾಲ ಮನೆಯ ಖರ್ಚಿಗೆ ಹರಿದು, ಆ ಕಂತು ತುಂಬಲು ಇನ್ನೊಂದು ಸಾಲ ತಂದು ನರಳಿದವರು ನಮ್ಮ ನಡುವೆಯೇ ಇದ್ದಾರೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬಾಗಿಲಲ್ಲಿ ನಿಂತವನನ್ನು ತಡೆದೀತು. ಕಂತಿನ ಲೆಕ್ಕ ಹಾಕಬೇಕಾದವರು ನಾವೇ. ವಾರದ ಕಂತು ಎಷ್ಟು, ವಾರಕ್ಕೆ ರೊಟ್ಟಿ ಡಬ್ಬಿಯಲ್ಲಿ ನಿಜವಾಗಿ ಉಳಿಯುವುದೆಷ್ಟು? ಎರಡನೆಯ ಅಂಕಿ ಗೊತ್ತಿಲ್ಲದಿದ್ದರೆ ಸಹಿ ಹಾಕಬೇಡಿ.

ಕೂಡಿದರೆ ಬಲ

ಒಬ್ಬಳಿಗೆ ಐನೂರು ರೊಟ್ಟಿಯ ಕೆಲಸ ಬಂದರೆ ಭಾರ. ಐದು ಜನಕ್ಕೆ ಅದು ಹಬ್ಬ. ಈ ಪಾಠಕ್ಕೂ ದೂರ ಹೋಗಬೇಕಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಸಹಕಾರ ಚಳವಳಿಯ ಇತಿಹಾಸದಲ್ಲಿ ಆ ಹಳ್ಳಿಯ ಹೆಸರಿಗೆ ದೊಡ್ಡ ಸ್ಥಾನವಿದೆ. ನಮ್ಮ ಕಾಲದಲ್ಲಿ ಕಲಬುರಗಿ ಜಿಲ್ಲೆಯ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರಾಟಕ್ಕೆ ಇಳಿದಿವೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಅವರ ಹೆಸರೆತ್ತಿದರು. ಒಂದು ಅಳತೆ, ಒಂದು ರುಚಿ, ಒಂದು ದರ ಎಂದು ಒಪ್ಪಿಕೊಂಡರೆ ಮಾತ್ರ ಕೂಡುವುದು ನಡೆಯುತ್ತದೆ. ಇಲ್ಲವಾದರೆ ಎರಡನೆಯ ತಿಂಗಳಿಗೇ ಜಗಳ!

ಇದರಿಂದ ನಿಜಕ್ಕೂ ಲಾಭವಿದೆಯೇ?

ಈ ಪ್ರಶ್ನೆಯನ್ನು ಪಂಡಿತರೂ ಕೇಳಿದ್ದಾರೆ. ಶ್ರೀಲಂಕಾ, ಬಾಂಗ್ಲಾದೇಶ, ಕೀನ್ಯಾ ಮೊದಲಾದ ಏಳು ದೇಶಗಳ ಸಣ್ಣ ಉದ್ದಿಮೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಗಿರಾಕಿಯನ್ನು ವಿಚಾರಿಸುವ, ಸರಕು ಗಮನಿಸುವ, ಲೆಕ್ಕ ಬರೆಯುವ, ಮುಂದಿನ ಯೋಚನೆ ಮಾಡುವ ಉದ್ದಿಮೆಗಳೇ ಹೆಚ್ಚು ಮಾರುತ್ತವೆ, ಹೆಚ್ಚು ಕಾಲ ಬಾಳುತ್ತವೆ ಎಂದಿತು. ಆದರೆ ಯೋಜನೆ ಮಂತ್ರವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯ ಪ್ರಕಾರ, ಯೋಜನೆಯಿಂದ ಲಾಭವಿದೆ, ಆದರೆ ಹೊಸದಾಗಿ ಹುಟ್ಟಿದ ಉದ್ದಿಮೆಗಿಂತ ಬೇರೂರಿದ ಉದ್ದಿಮೆಗೆ ಅದು ಹೆಚ್ಚು. ಯಾಕೆಂದರೆ ಹೊಸಬರಿಗೆ ಪೇಟೆಯ ಅನುಭವವೇ ಇನ್ನೂ ಇಲ್ಲ. ಆದ್ದರಿಂದ ಮೊದಲು ಚಿಕ್ಕದಾಗಿ ಹೂಡಿ, ಕಲಿಯಿರಿ, ತಿದ್ದಿಕೊಳ್ಳಿ, ಆಮೇಲೆ ಬೆಳೆಸಿ. ಲಿಜ್ಜತ್ ಸೋದರಿಯರಿಗೂ ಮಂಚದ ಉಪಾಯ ಹೊಳೆದದ್ದು ಒಂದು ಮಳೆಗಾಲ ಕಳೆದ ಮೇಲೆಯೇ.

ಪ್ರತಿ ಅಮಾವಾಸ್ಯೆಗೆ ಐದು ಪ್ರಶ್ನೆ

1. ಈ ತಿಂಗಳು ಎಲ್ಲ ಖರ್ಚು ಕಳೆದು ತಾಸಿಗೆ ಎಷ್ಟು ಉಳಿಯಿತು?
2. ಯಾವ ಗಿರಾಕಿ ಮತ್ತೆ ಬಂದರು, ಯಾರು ಬರಲಿಲ್ಲ, ಯಾಕೆ?
3. ಉದ್ರಿ ಎಷ್ಟು ನಿಂತಿದೆ?
4. ಮುಂದಿನ ಎರಡು ತಿಂಗಳಲ್ಲಿ ಯಾವ ಹಬ್ಬ, ಯಾವ ಮಳೆ, ಯಾವ ಜಾತ್ರೆ ಇದೆ?
5. ಯಾವ ಒಂದು ಕೆಲಸ ಬಿಟ್ಟರೆ ನನ್ನ ದುಡಿಮೆ ಹಗುರಾದೀತು?

ಹಳೆಯ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ಸಾಕು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿ. ಅವಳಿಗೂ ಅದೊಂದು ಪಾಠವೇ. ತಾಯಿಯ ದುಡಿಮೆಗೆ ಬೆಲೆ ಇದೆ, ಆ ಬೆಲೆಯನ್ನು ತಾಯಿಯೇ ಕಟ್ಟಬಲ್ಲಳು ಎಂಬುದನ್ನು ಕಂಡು ಬೆಳೆದ ಮಗಳು ಮುಂದೆ ತನ್ನ ದುಡಿಮೆಯನ್ನು ಯಾರಿಗೂ ಪುಕ್ಕಟೆ ಬಿಟ್ಟುಕೊಡಲಾರಳು.